ಮೊದಲ ಫೋನ್ ಖಾಸಗಿ ಆಸ್ಪತ್ರೆಯಿಂದ ಬರಬೇಕು: ಜೈವಿಕ ದಾಳಿಗೆ ತಯಾರಿ ಅಂದರೆ ಏನು?

2001ರ ಅಕ್ಟೋಬರ್ 2. ಅಮೆರಿಕದ ಫ್ಲೋರಿಡಾದಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ಪತ್ರಿಕಾ ಸಂಸ್ಥೆಯೊಂದರಲ್ಲಿ ಫೋಟೋ ಸಂಪಾದಕರಾಗಿದ್ದ 63 ವರ್ಷದ ವ್ಯಕ್ತಿಯನ್ನು ಜೆಎಫ್‌ಕೆ ಮೆಡಿಕಲ್ ಸೆಂಟರ್ ಎಂಬ ಖಾಸಗಿ ಆಸ್ಪತ್ರೆಗೆ ಕರೆತಂದರು. ಜ್ವರ, ವಾಂತಿ. ಏನು ಕೇಳಿದರೂ ಸರಿಯಾದ ಉತ್ತರ ಬರುತ್ತಿರಲಿಲ್ಲ. ಮೆದುಳಿಗೆ ಸೋಂಕು ತಗುಲಿರಬಹುದು ಅಂತ ಬೆನ್ನಿನಿಂದ ನೀರು ತೆಗೆದು ಪರೀಕ್ಷೆಗೆ ಕೊಟ್ಟರು. ಸೋಂಕು ರೋಗಗಳ ತಜ್ಞ ಡಾ. ಲ್ಯಾರಿ ಬುಷ್ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಕಡ್ಡಿಯಂಥ ದಪ್ಪ ಬ್ಯಾಕ್ಟೀರಿಯಾಗಳು ಸರಪಳಿಯ ಹಾಗೆ ಸಾಲಾಗಿ ಕಂಡವು. ಅವರಿಗೆ ದನ, ಕುರಿಗಳಿಗೆ ಬರುವ, ಮನುಷ್ಯರನ್ನೂ ಕೊಲ್ಲಬಲ್ಲ ಆಂಥ್ರಾಕ್ಸ್ ರೋಗ ನೆನಪಾಯಿತು.

ಆ ನೆನಪು ಬರುವುದೇ ಕಷ್ಟವಿತ್ತು. ಉಸಿರಿನ ಮೂಲಕ ತಗಲುವ ಆಂಥ್ರಾಕ್ಸ್ ಆ ದೇಶದಲ್ಲಿ 1976ರ ನಂತರ ಯಾರಿಗೂ ಬಂದಿರಲಿಲ್ಲ. ಡಾ. ಬುಷ್ ಪೂರ್ತಿ ವರದಿ ಬರಲಿ ಅಂತ ಕಾಯಲಿಲ್ಲ. ಆ ಜಿಲ್ಲೆಯ ಸರ್ಕಾರಿ ಆರೋಗ್ಯ ಇಲಾಖೆಯ ಮುಖ್ಯಸ್ಥೆ ಡಾ. ಜೀನ್ ಮಾಲೆಕಿಗೆ ಫೋನ್ ಮಾಡಿದರು. ಮಾದರಿ ಜಾಕ್ಸನ್‌ವಿಲ್‌ನ ಸರ್ಕಾರಿ ಲ್ಯಾಬ್‌ಗೆ ಹೋಯಿತು. ಅಕ್ಟೋಬರ್ 4ಕ್ಕೆ ಆಂಥ್ರಾಕ್ಸ್ ಹೌದು ಅಂತ ಖಚಿತವಾಯಿತು. ಮರುದಿನ ರೋಗಿ ತೀರಿಕೊಂಡರು.

ಅಷ್ಟು ಬೇಗ ಉತ್ತರ ಸಿಕ್ಕಿದ್ದಕ್ಕೆ ಕಾರಣವಿದೆ. ಎರಡು ವರ್ಷದ ಹಿಂದೆ, 1999ರಲ್ಲಿ, ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ, ತನಿಖಾ ಸಂಸ್ಥೆ ಎಫ್‌ಬಿಐ ಮತ್ತು ಸಾರ್ವಜನಿಕ ಆರೋಗ್ಯ ಲ್ಯಾಬ್‌ಗಳ ಸಂಘ ಸೇರಿ ಒಂದು ಲ್ಯಾಬ್ ಜಾಲ ಕಟ್ಟಿದ್ದವು. ಸಣ್ಣ ಆಸ್ಪತ್ರೆಯ ಲ್ಯಾಬ್ ಅನುಮಾನ ಪಟ್ಟರೆ ಸಾಕು, ಖಚಿತಪಡಿಸುವುದು ಮೇಲಿನ ಲ್ಯಾಬ್‌ನ ಕೆಲಸ. ಜಾಕ್ಸನ್‌ವಿಲ್ ಲ್ಯಾಬ್ ಆ ಜಾಲದಲ್ಲಿತ್ತು. ಬೇರೆ ಬೇರೆ ಸಂಸ್ಥೆಗಳು ಒಟ್ಟಿಗೆ ಕೆಲಸ ಮಾಡುವುದು ಅಂದರೆ ನನ್ನ ಮಟ್ಟಿಗೆ ಇದು. ಸಮಿತಿ, ಸಭೆ, ಸಹಿ ಮಾಡಿದ ಒಪ್ಪಂದ ಎಲ್ಲ ಆಮೇಲೆ. ಒಬ್ಬ ಖಾಸಗಿ ವೈದ್ಯನಿಗೆ ಯಾರಿಗೆ ಫೋನ್ ಮಾಡಬೇಕು ಅಂತ ಗೊತ್ತಿರಬೇಕು. ಆ ಕಡೆ ಎತ್ತುವವರು ಇರಬೇಕು. ಎತ್ತಿದವರಿಗೆ ಮುಂದೇನು ಮಾಡಬೇಕು ಅಂತ ಗೊತ್ತಿರಬೇಕು.

ಬಾಂಬ್ ಸ್ಫೋಟವಾದರೆ ಸದ್ದು ಬರುತ್ತದೆ. ಪೊಲೀಸರು, ಆಂಬುಲೆನ್ಸ್, ಟಿವಿ ಎಲ್ಲ ಅಲ್ಲಿಗೇ ಓಡುತ್ತವೆ. ರೋಗಾಣು ಬಿಟ್ಟರೆ ಏನೂ ಕೇಳಿಸುವುದಿಲ್ಲ. ಸೋಂಕು ತಗುಲಿದವರು ಮನೆಗೆ ಹೋಗುತ್ತಾರೆ, ಊಟ ಮಾಡುತ್ತಾರೆ, ಮಲಗುತ್ತಾರೆ. ಎರಡು ದಿನವೋ ಹತ್ತು ದಿನವೋ ಬಿಟ್ಟು ಮೈ ಬಿಸಿಯಾಗುತ್ತದೆ. ಆಗ ಅವರು ಹೋಗುವುದು ಹತ್ತಿರದ ಕ್ಲಿನಿಕ್‌ಗೆ, ಇಲ್ಲವೇ ಮೆಡಿಕಲ್ ಶಾಪ್‌ಗೆ. ಒಬ್ಬೊಬ್ಬರು ಒಂದೊಂದು ಕಡೆ. ದಾಳಿ ಆಗಿದೆ ಅಂತ ಯಾರಿಗಾದರೂ ಮೊದಲು ಗೊತ್ತಾಗುವುದಾದರೆ ಅದು ಅಲ್ಲಿ ಕೂತಿರುವ ವೈದ್ಯರಿಗೆ. ಹತ್ತು ನಿಮಿಷದಲ್ಲಿ ಇನ್ನೂ ನಾಲ್ಕು ರೋಗಿಗಳನ್ನು ನೋಡಬೇಕಾದ ವೈದ್ಯರಿಗೆ.

ನಮ್ಮ ದೇಶದಲ್ಲಿ ಆ ವೈದ್ಯರು ಬಹುಪಾಲು ಖಾಸಗಿಯವರೇ. 2017-18ರಲ್ಲಿ ಕೇಂದ್ರ ಸರ್ಕಾರವೇ ನಡೆಸಿದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ, ಚಿಕಿತ್ಸೆ ಪಡೆದ 100 ಕಾಯಿಲೆ ಪ್ರಕರಣಗಳಲ್ಲಿ ಸರ್ಕಾರಿ ಆಸ್ಪತ್ರೆಗೆ ಹೋಗಿದ್ದು ಸುಮಾರು 30. ಉಳಿದವು ಹೆಚ್ಚಾಗಿ ಖಾಸಗಿ ಕ್ಲಿನಿಕ್, ಖಾಸಗಿ ಆಸ್ಪತ್ರೆಗೆ. ಸರ್ಕಾರ ಬರೀ ತನ್ನ ಆಸ್ಪತ್ರೆಗಳ ಲೆಕ್ಕ ಇಟ್ಟುಕೊಂಡು ಕೂತರೆ ಹತ್ತರಲ್ಲಿ ಏಳು ಜ್ವರ ಅದರ ಕಣ್ಣಿಗೇ ಬೀಳುವುದಿಲ್ಲ. ಜೈವಿಕ ಭಯೋತ್ಪಾದನೆಯ ಮಾತು ಬಂದಾಗೆಲ್ಲ ಸೇನೆ, ಗುಪ್ತಚರ, ಗಡಿ ಅಂತ ಮಾತಾಡುತ್ತೇವೆ. ಬೀದಿ ಬದಿಯ ಕ್ಲಿನಿಕ್ ಬಗ್ಗೆ ಯಾರೂ ಮಾತಾಡುವುದಿಲ್ಲ.

ಅದೇ ದಾಳಿ, ಇನ್ನೊಂದು ಊರು

ಫ್ಲೋರಿಡಾದ ಕಥೆ ಕೇಳಿದರೆ ಅಮೆರಿಕದಲ್ಲಿ ಎಲ್ಲ ಸರಿಯಿತ್ತು ಅನ್ನಿಸಬಹುದು. ಇರಲಿಲ್ಲ. ಅದೇ ತಿಂಗಳು ವಾಷಿಂಗ್ಟನ್‌ನಲ್ಲಿ ನಡೆದಿದ್ದನ್ನೂ ನೋಡಬೇಕು.

ಆಂಥ್ರಾಕ್ಸ್ ಪುಡಿ ತುಂಬಿದ ಲಕೋಟೆಗಳು ಅಂಚೆಯಲ್ಲಿ ಹೋಗಿದ್ದವು. ಸೆನೆಟರ್ ಟಾಮ್ ಡ್ಯಾಶೆಲ್ ಕಚೇರಿಗೆ ಬಂದ ಲಕೋಟೆ ಅಕ್ಟೋಬರ್ 15ರಂದು ತೆರೆಯಿತು. ಅಲ್ಲಿದ್ದ ಸಿಬ್ಬಂದಿಗೆ ತಕ್ಷಣ ಪರೀಕ್ಷೆ ಆಯಿತು, ಮಾತ್ರೆ ಸಿಕ್ಕಿತು. ಆ ಲಕೋಟೆ ಬಂದಿದ್ದು ಬ್ರೆಂಟ್‌ವುಡ್ ಎಂಬ ಅಂಚೆ ವಿಂಗಡಣೆ ಕೇಂದ್ರದ ಮೂಲಕ. ಅಲ್ಲಿನ ನೌಕರರು ಎಂದಿನಂತೆ ಕೆಲಸಕ್ಕೆ ಬರುತ್ತಲೇ ಇದ್ದರು. ಅಂಟಿಸಿ ಮುಚ್ಚಿದ ಲಕೋಟೆಯಿಂದ ಪುಡಿ ಹೊರಬರುವುದಿಲ್ಲ ಅಂತ ಅಧಿಕಾರಿಗಳು ನಂಬಿದ್ದರು. ಆದರೆ ವಿಂಗಡಿಸುವ ಯಂತ್ರ ಲಕೋಟೆಯನ್ನು ಒತ್ತುತ್ತದೆ. ಆ ಒತ್ತಡಕ್ಕೆ ಕಾಗದದ ಸಣ್ಣ ರಂಧ್ರಗಳಿಂದಲೇ ಪುಡಿ ಗಾಳಿಗೆ ಸೇರಿತ್ತು.

ಅಕ್ಟೋಬರ್ 19ರಂದು ಆ ಕೇಂದ್ರದ ನೌಕರರೊಬ್ಬರು ವರ್ಜೀನಿಯಾದ ಇನೋವಾ ಫೇರ್‌ಫ್ಯಾಕ್ಸ್ ಆಸ್ಪತ್ರೆಗೆ ಬಂದರು. ನೋಡಿದರೆ ಫ್ಲೂ ಥರ. ಅವರು ಎಲ್ಲಿ ಕೆಲಸ ಮಾಡುತ್ತಾರೆ ಅಂತ ತಿಳಿದ ತುರ್ತು ವಿಭಾಗದ ವೈದ್ಯೆ ಅವರನ್ನು ಮನೆಗೆ ಕಳಿಸಲಿಲ್ಲ, ಎದೆಯ ಸಿಟಿ ಸ್ಕ್ಯಾನ್ ಮಾಡಿಸಿದರು. ಆ ರೋಗಿ ಬದುಕಿದರು. ಅದೇ ಆಸ್ಪತ್ರೆಗೆ ಬಂದ ಇನ್ನೊಬ್ಬ ಸಹೋದ್ಯೋಗಿಯೂ ಬದುಕಿದರು. ಬೇರೆ ಕಡೆ ಹೋದ ಇಬ್ಬರು ತೀರಿಕೊಂಡರು. ಅವರಲ್ಲಿ ಒಬ್ಬರನ್ನು ಸಾಯುವ ಹಿಂದಿನ ದಿನವಷ್ಟೇ ತುರ್ತು ವಿಭಾಗದಿಂದ ಮನೆಗೆ ಕಳಿಸಿದ್ದರು. ಇನ್ನೊಬ್ಬರು ತುರ್ತು ಸಹಾಯಕ್ಕೆ ಫೋನ್ ಮಾಡಿ, ನನಗೆ ಆಂಥ್ರಾಕ್ಸ್ ಇರಬಹುದು ಅಂತ ತಾವೇ ಹೇಳಿದ್ದರು.

ಈ ಭಾಗ ಓದುವಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಆ ನೌಕರರ ಕೈಯಲ್ಲಿ ಹಾದುಹೋದ ಕಾಗದದ ಬಗ್ಗೆ ಸರ್ಕಾರಕ್ಕೆ ಗೊತ್ತಿತ್ತು. ಊರಿನ ಡಾಕ್ಟರುಗಳಿಗೆ ಆ ವಿಷಯ ಹೊತ್ತಿಗೆ ಸರಿಯಾಗಿ ತಲುಪಲಿಲ್ಲ. ಎಷ್ಟೋ ವೈದ್ಯರಿಗೆ ಸುದ್ದಿ ಸಿಗುತ್ತಿದ್ದಿದ್ದು ಟಿವಿಯಿಂದ. ಖಾಸಗಿಯವರು ಸರ್ಕಾರಕ್ಕೆ ಮಾಹಿತಿ ಕೊಡಬೇಕು ಅಂತ ಎಲ್ಲರೂ ಹೇಳುತ್ತಾರೆ, ಸರಿ. ಸರ್ಕಾರ ಖಾಸಗಿಯವರಿಗೆ ಕೊಡಬೇಕಾದ ಮಾಹಿತಿಯ ಮಾತು? ಬ್ರೆಂಟ್‌ವುಡ್‌ನಿಂದ ಬಂದವರಿಗೆ ಜ್ವರ ಇದ್ದರೆ ಮನೆಗೆ ಕಳಿಸಬೇಡಿ ಅನ್ನುವ ಒಂದು ಸಾಲು ಸುತ್ತಲಿನ ಎಲ್ಲ ಆಸ್ಪತ್ರೆಗಳಿಗೆ ಮೂರು ದಿನ ಮೊದಲು ಹೋಗಿದ್ದರೆ ಆ ಎರಡು ಮನೆಗಳ ಕಥೆ ಬೇರೆ ಇರುತ್ತಿತ್ತೋ ಏನೋ.

ಒಟ್ಟು 22 ಜನರಿಗೆ ರೋಗ ಬಂತು, 5 ಜನ ಸತ್ತರು. ಆ ಪುಡಿ ಕಳಿಸಿದ್ದು ಸೇನೆಯ ಜೈವಿಕ ಸಂಶೋಧನಾ ಸಂಸ್ಥೆಯಲ್ಲಿದ್ದ ಬ್ರೂಸ್ ಐವಿನ್ಸ್ ಎಂಬ ವಿಜ್ಞಾನಿ ಅಂತ ಎಫ್‌ಬಿಐ ತೀರ್ಮಾನಿಸಿ 2010ರಲ್ಲಿ ಪ್ರಕರಣ ಮುಗಿಸಿತು. ಆ ಹೊತ್ತಿಗೆ ಅವರು ಬದುಕಿರಲಿಲ್ಲ, ವಿಚಾರಣೆಯೂ ನಡೆಯಲಿಲ್ಲ. ಬರೀ ಜೀವವಿಜ್ಞಾನದ ಸಾಕ್ಷ್ಯದ ಮೇಲೆ ಹಾಗೆ ಖಡಾಖಂಡಿತ ಹೇಳಲಾಗದು ಅಂತ ಅಮೆರಿಕದ ವಿಜ್ಞಾನ ಅಕಾಡೆಮಿಯ ಸಮಿತಿ 2011ರಲ್ಲಿ ಹೇಳಿತು.

ಹೋಟೆಲ್ ಸಲಾಡ್‌ನಲ್ಲಿ ಬಂದ ರೋಗ

ಇದಕ್ಕಿಂತ ಹಳೆಯದು ಇನ್ನೊಂದಿದೆ, ಅದಕ್ಕೆ ಭಾರತದ ನಂಟೂ ಇದೆ. 1984ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ದ ಡ್ಯಾಲ್ಸ್ ಎಂಬ ಸಣ್ಣ ಊರಿನಲ್ಲಿ 751 ಜನರಿಗೆ ವಾಂತಿ ಭೇದಿ ಆಯಿತು. 45 ಮಂದಿ ಆಸ್ಪತ್ರೆ ಸೇರಿದರು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಹತ್ತು ಹೋಟೆಲ್‌ಗಳ ಸಲಾಡ್ ಮತ್ತಿತರ ತಿನಿಸಿಗೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಬೆರೆಸಿದ್ದು ಆಚಾರ್ಯ ರಜನೀಶ್ ಅವರ ಆಶ್ರಮದ ಕೆಲವರು. ಸ್ಥಳೀಯ ಚುನಾವಣೆಯ ದಿನ ಊರಿನವರು ಮತ ಹಾಕಲು ಬಾರದಂತೆ ಮಾಡುವ ಯೋಜನೆ, ಅದಕ್ಕೆ ಇದು ಮುನ್ನಪರೀಕ್ಷೆ.

ಇದು ಬೇಕಂತಲೇ ಮಾಡಿದ್ದು ಅಂತ ಗೊತ್ತಾಗಲು ಒಂದು ವರ್ಷ ಹಿಡಿಯಿತು. ಹೋಟೆಲ್ ಕೆಲಸದವರು ಕೈ ಸರಿಯಾಗಿ ತೊಳೆಯದೆ ರೋಗ ಹರಡಿದೆ ಅನ್ನುವುದು ಆರೋಗ್ಯ ಇಲಾಖೆಯ ಮೊದಲ ತೀರ್ಮಾನವಾಗಿತ್ತು. 1985ರಲ್ಲಿ ಆಶ್ರಮದೊಳಗೇ ಜಗಳ ಎದ್ದು, ರಜನೀಶರೇ ತಮ್ಮ ಹಳೆಯ ಸಹಾಯಕರ ಮೇಲೆ ಆರೋಪ ಮಾಡಿದ ಮೇಲೆ ಪೊಲೀಸರು ಒಳಗೆ ಹೋದರು. ಆಶ್ರಮದ ಸ್ವಂತ ಲ್ಯಾಬ್‌ನಲ್ಲಿ ಬ್ಯಾಕ್ಟೀರಿಯಾದ ಸೀಸೆ ಸಿಕ್ಕಿತು. ವರ್ಷದ ಹಿಂದೆ ರೋಗಿಗಳಿಂದ ತೆಗೆದ ಮಾದರಿಯನ್ನು ಎಸೆಯದೆ ಇಟ್ಟುಕೊಂಡಿದ್ದರು. ಎರಡೂ ಒಂದೇ ತಳಿ ಅಂತ ಸಾಬೀತಾಯಿತು. ಆಶ್ರಮಕ್ಕೆ ಆ ಬ್ಯಾಕ್ಟೀರಿಯಾ ಸಿಕ್ಕಿದ್ದು ಲ್ಯಾಬ್ ಸಾಮಗ್ರಿ ಮಾರುವ ಖಾಸಗಿ ಕಂಪನಿಯಿಂದ, ದುಡ್ಡು ಕೊಟ್ಟು, ರಾಜಾರೋಷವಾಗಿ.

ಇದರಲ್ಲಿ ಗಮನಿಸಬೇಕಾದ್ದು ಜಾಸ್ತಿ ಇದೆ. ದಾಳಿ ಅಂತ ಹಣೆಪಟ್ಟಿ ಕಟ್ಟಿಕೊಂಡು ಯಾವ ರೋಗವೂ ಬರುವುದಿಲ್ಲ. ಮದುವೆ ಊಟ ತಿಂದು ಹೊಟ್ಟೆ ಕೆಟ್ಟಂತೆಯೇ ಬರುತ್ತದೆ. ಹಾಗಾಗಿ ಜೈವಿಕ ದಾಳಿಗೆ ಅಂತ ಪ್ರತ್ಯೇಕ ಕಣ್ಗಾವಲು ಇಡುವುದರಲ್ಲಿ ನನಗೆ ನಂಬಿಕೆ ಕಡಿಮೆ. ಮಾಮೂಲಿ ವಾಂತಿ ಭೇದಿ, ಮಾಮೂಲಿ ಜ್ವರ ಹಿಡಿಯುವ ವ್ಯವಸ್ಥೆ ಗಟ್ಟಿಯಿದ್ದರೆ ಅದೇ ದಾಳಿಯನ್ನೂ ಹಿಡಿಯುತ್ತದೆ.

ಸಿಲಿಗುರಿಗೆ ಐದು ವರ್ಷ, ಕೋಯಿಕ್ಕೋಡ್‌ಗೆ ಮೂರು ದಿನ

ಈಗ ನಮ್ಮ ಹತ್ತಿರಕ್ಕೆ ಬರೋಣ. 2001ರ ಜನವರಿ, ಫೆಬ್ರವರಿಯಲ್ಲಿ ಪಶ್ಚಿಮ ಬಂಗಾಳದ ಸಿಲಿಗುರಿಯಲ್ಲಿ 66 ಜನರಿಗೆ ವಿಚಿತ್ರ ಮೆದುಳು ಜ್ವರ ಬಂತು. 45 ಜನ ಸತ್ತರು. ಬಹುಪಾಲು ಮಂದಿ ಆಸ್ಪತ್ರೆಯ ಸಿಬ್ಬಂದಿ, ಇಲ್ಲವೇ ಅಲ್ಲಿ ರೋಗಿಗಳನ್ನು ನೋಡಲು ಹೋಗಿದ್ದವರು. ಏನು ರೋಗ ಅಂತ ಆಗ ತಿಳಿಯಲೇ ಇಲ್ಲ. ಇಟ್ಟುಕೊಂಡಿದ್ದ ಮಾದರಿಗಳನ್ನು ಮತ್ತೆ ಪರೀಕ್ಷಿಸಿ, ಅದು ಬಾವಲಿಯಿಂದ ಬರುವ ನಿಪಾ ವೈರಸ್ ಅಂತ ಸಂಶೋಧಕರು ಪ್ರಕಟಿಸಿದ್ದು 2006ರಲ್ಲಿ.

2018ರ ಮೇ 17. ಕೇರಳದ ಕೋಯಿಕ್ಕೋಡ್‌ನ ಬೇಬಿ ಮೆಮೋರಿಯಲ್ ಎಂಬ ಖಾಸಗಿ ಆಸ್ಪತ್ರೆಗೆ ಒಬ್ಬ ಯುವಕ ಬಂದ. ಮೆದುಳು ಜ್ವರದ ಲಕ್ಷಣ. ಅವನ ತಮ್ಮ ಹನ್ನೆರಡು ದಿನದ ಹಿಂದೆ ತೀರಿಕೊಂಡಿದ್ದ. ಅಪ್ಪನಿಗೂ ಅತ್ತೆಗೂ ಹುಷಾರಿಲ್ಲ. ಒಂದೇ ಮನೆಯಲ್ಲಿ ಇಷ್ಟು ಜನಕ್ಕೆ ಮೆದುಳು ಜ್ವರ ಬರುವುದು ತೀರಾ ಅಪರೂಪ ಅಂತ ಅಲ್ಲಿನ ವೈದ್ಯರಿಗೆ ಹೊಳೆಯಿತು. ಅವರು ಮಾದರಿ ಕಳಿಸಿದ್ದು ನಮ್ಮ ಮಣಿಪಾಲಕ್ಕೆ. ಅಲ್ಲಿನ ವೈರಸ್ ಸಂಶೋಧನಾ ಕೇಂದ್ರ, ಅದೂ ಖಾಸಗಿ ವಿಶ್ವವಿದ್ಯಾಲಯದ್ದು, ಡಾ. ಜಿ. ಅರುಣ್‌ಕುಮಾರ್ ಅವರ ಮುಂದಾಳತ್ವದಲ್ಲಿ ಅದಾಗಲೇ ಹಲವು ರಾಜ್ಯಗಳ ಜ್ವರ ಪ್ರಕರಣಗಳನ್ನು ಪರೀಕ್ಷಿಸುತ್ತಿತ್ತು. ಅವರು ನಿಪಾ ಅಂದರು. ಪುಣೆಯ ಸರ್ಕಾರಿ ಸಂಸ್ಥೆ, ರಾಷ್ಟ್ರೀಯ ವೈರಾಣು ಸಂಸ್ಥೆ, ಮೇ 20ಕ್ಕೆ ಅದನ್ನು ಖಚಿತಪಡಿಸಿತು.

ಮೂರು ದಿನ! ಸಿಲಿಗುರಿಗೆ ಐದು ವರ್ಷ ಹಿಡಿದಿತ್ತು.

ಮುಂದಿನದು ಸರ್ಕಾರದ ಕೆಲಸ, ಕೇರಳ ಸರ್ಕಾರ ಅದನ್ನು ಚೆನ್ನಾಗಿ ಮಾಡಿತು. ರೋಗಿಗಳ ಸಂಪರ್ಕಕ್ಕೆ ಬಂದ 2 ಸಾವಿರಕ್ಕೂ ಹೆಚ್ಚು ಜನರನ್ನು ಹುಡುಕಿ ನಿಗಾ ಇಟ್ಟರು. ಲ್ಯಾಬ್‌ನಲ್ಲಿ ದೃಢಪಟ್ಟಿದ್ದು 18 ಪ್ರಕರಣ, ಅವರಲ್ಲಿ 16 ಜನ ಉಳಿಯಲಿಲ್ಲ. ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯ ನರ್ಸ್ ಲಿನಿ ಕೂಡ ರೋಗಿಯ ಆರೈಕೆ ಮಾಡಿ ಪ್ರಾಣ ಕಳೆದುಕೊಂಡರು. ಆದರೆ ರೋಗ ಊರೂರಿಗೆ ಹಬ್ಬಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಕೋಯಿಕ್ಕೋಡ್‌ಗೆ ನಿಪಾ ಮತ್ತೆ ಬಂದಾಗ ಮೊದಲು ಅನುಮಾನ ಪಟ್ಟಿದ್ದು ಇನ್ನೊಂದು ಖಾಸಗಿ ಆಸ್ಪತ್ರೆ. ಅಲ್ಲಿನ ಡಾ. ಎ.ಎಸ್. ಅನೂಪ್ ಕುಮಾರ್ 2018ರ ತಂಡದಲ್ಲಿ ಇದ್ದವರೇ.

ಇದು ದಾಳಿ ಅಲ್ಲ, ಬಾವಲಿಯಿಂದ ಬಂದ ರೋಗ. ಆದರೆ ಅಮೆರಿಕದ ಸಿಡಿಸಿ ಮಾಡಿದ ಜೈವಿಕ ಭಯೋತ್ಪಾದನೆಗೆ ಬಳಕೆಯಾಗಬಹುದಾದ ರೋಗಾಣುಗಳ ಪಟ್ಟಿಯಲ್ಲಿ ನಿಪಾ ಹೆಸರಿದೆ. ನಾಳೆ ಯಾರಾದರೂ ಬೇಕಂತಲೇ ಹರಡಿದರೂ ಅದನ್ನು ಹಿಡಿಯಲು ಬೇಕಾಗುವುದು ಇದೇ ಸರಪಳಿ: ಅನುಮಾನ ಪಡುವ ಖಾಸಗಿ ವೈದ್ಯ, ತಡಮಾಡದ ಲ್ಯಾಬ್, ಖಚಿತಪಡಿಸುವ ಸರ್ಕಾರಿ ಸಂಸ್ಥೆ, ಮನೆಮನೆಗೆ ಹೋಗುವ ಸರ್ಕಾರಿ ಸಿಬ್ಬಂದಿ. ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ನಿಪಾದಂಥ ವೈರಸ್ ಬೆಳೆಸಿ ಇಟ್ಟುಕೊಳ್ಳಲು ಅತಿ ಹೆಚ್ಚಿನ ಭದ್ರತೆಯ, ನಾಲ್ಕನೇ ಹಂತದ ಲ್ಯಾಬ್ ಬೇಕು. ಪುಣೆಯಲ್ಲಿ ಅಂಥದ್ದಿದೆ, ಎಲ್ಲ ಕಡೆ ಇಲ್ಲ. ಖಾಸಗಿ ಲ್ಯಾಬ್‌ಗಳು ಬೇಗ ಪತ್ತೆ ಮಾಡಲಿ, ಆಮೇಲೆ ಮಾದರಿ ಯಾರ ಕೈಗೆ ಹೋಗಬೇಕು, ಏನು ಉಳಿಯಬೇಕು, ಏನು ನಾಶವಾಗಬೇಕು ಅನ್ನುವುದು ಮೊದಲೇ ಬರೆದಿಟ್ಟಿರಬೇಕು. ಒರೆಗಾನ್ ಸೀಸೆಯನ್ನು ಮರೆಯಬಾರದು.

ಮಲೆನಾಡಿನ ವೈರಸ್

ಕನ್ನಡಿಗರಿಗೆ ಈ ವಿಷಯ ದೂರದ್ದು ಅನ್ನಿಸಿದರೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡನ್ನು ನೆನಪಿಸಿಕೊಳ್ಳಬೇಕು. 1957ರಲ್ಲಿ ಅಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಊರುಗಳಲ್ಲಿ ಜನ ಜ್ವರದಿಂದ ಮಲಗಿದರು. ಹಳದಿ ಜ್ವರ ಭಾರತಕ್ಕೂ ಬಂದುಬಿಟ್ಟಿತಾ ಅಂತ ತಜ್ಞರಿಗೆ ಗಾಬರಿಯಾಗಿತ್ತು. ಅದು ಹೊಸ ವೈರಸ್ ಅಂತ ಕಂಡುಹಿಡಿದಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. ಆ ಕೇಂದ್ರವನ್ನು 1952ರಲ್ಲಿ ಶುರುಮಾಡಿದ್ದು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ ಮತ್ತು ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ. ಅದೇ ಇವತ್ತಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಖಾಸಗಿ ದುಡ್ಡು, ಸರ್ಕಾರಿ ಹೊಣೆ ಜೊತೆಯಾಗಿ ಹೋಗುವುದು ನಮಗೆ ಹೊಸದೇನಲ್ಲ ಅಲ್ವಾ?

ನಾವು ಮಂಗನ ಕಾಯಿಲೆ ಅನ್ನುವ ಆ ರೋಗದ ವೈರಸ್ ಅಮೆರಿಕದ ಕಟ್ಟುನಿಟ್ಟಿನ ನಿಯಂತ್ರಣ ಪಟ್ಟಿಯಲ್ಲಿದೆ. ಎಬೋಲಾ, ಪ್ಲೇಗ್, ಆಂಥ್ರಾಕ್ಸ್ ಜೊತೆಗೆ ಕ್ಯಾಸನೂರಿನ ಹೆಸರು! ಅನುಮತಿ ಇಲ್ಲದೆ ಅಲ್ಲಿ ಯಾವ ಲ್ಯಾಬೂ ಅದನ್ನು ಇಟ್ಟುಕೊಳ್ಳುವಂತಿಲ್ಲ. ಆಂಥ್ರಾಕ್ಸ್ ಕೂಡ ನಮಗೆ ಅಪರಿಚಿತವಲ್ಲ. ದಕ್ಷಿಣ ಭಾರತದ ದನ, ಕುರಿಗಳಿಗೆ ಅದು ಹಳೆಯ ಕಾಯಿಲೆ. ಬೆಂಗಳೂರು ಹೆಬ್ಬಾಳದ ಪಶುವೈದ್ಯ ಜೈವಿಕ ಸಂಸ್ಥೆ ದನಗಳಿಗೆ ಅದರ ಲಸಿಕೆ ಮಾಡುತ್ತದೆ.

2018ರ ಕೊನೆ, 2019ರ ಶುರುವಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಮಂಗನ ಕಾಯಿಲೆ ಜೋರಾದಾಗ ಎಷ್ಟೋ ರೋಗಿಗಳನ್ನು ಮಣಿಪಾಲದ ಖಾಸಗಿ ಆಸ್ಪತ್ರೆಗೆ ಕಳಿಸಬೇಕಾಯಿತು. ಖರ್ಚು ಸರ್ಕಾರ ಕೊಡುತ್ತದೆ ಅಂತ ಆಯಿತು. ಅಡಿಕೆ ತೋಟದ ಕೂಲಿಯವರು ಘಟ್ಟ ಇಳಿದು ಹೋಗಿ ಅಷ್ಟು ದೊಡ್ಡ ಆಸ್ಪತ್ರೆಯ ಬಿಲ್ ಕಟ್ಟಲು ಎಲ್ಲಿಂದ ಸಾಧ್ಯ? ಆ ಒಂದು ಭರವಸೆ ಇಲ್ಲದಿದ್ದರೆ ಅವರು ಮನೆಯಲ್ಲೇ ಉಳಿಯುತ್ತಿದ್ದರು. ಮನೆಯಲ್ಲಿ ಉಳಿದ ರೋಗಿ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ರೋಗಿಗೆ ಬಿಲ್‌ನ ಭಯ ಇರುವವರೆಗೆ ರೋಗದ ಸುದ್ದಿ ಸರ್ಕಾರಕ್ಕೆ ತಡವಾಗಿಯೇ ಬರುತ್ತದೆ.

ಮಲೆನಾಡಿನಲ್ಲಿ ಇನ್ನೊಂದು ಒಳ್ಳೆಯ ಅಭ್ಯಾಸವಿದೆ. ಕಾಡಿನಲ್ಲಿ ಸತ್ತ ಮಂಗ ಕಂಡರೆ ಜನ ತಿಳಿಸುತ್ತಾರೆ. ಆರೋಗ್ಯ ಇಲಾಖೆ, ಪಶು ಇಲಾಖೆ, ಅರಣ್ಯ ಇಲಾಖೆ ಮೂರೂ ಓಡಾಡುತ್ತವೆ. ಇದರ ಬೆಲೆ ನ್ಯೂಯಾರ್ಕ್‌ಗೆ ಗೊತ್ತಾಗಿದ್ದು 1999ರಲ್ಲಿ. ಕ್ವೀನ್ಸ್ ಭಾಗದ ಒಂದು ಆಸ್ಪತ್ರೆಯಲ್ಲಿ ಡಾ. ಡೆಬೊರಾ ಆಸ್ನಿಸ್ ಎಂಬ ವೈದ್ಯೆ ವಿಚಿತ್ರ ಮೆದುಳು ಜ್ವರದ ರೋಗಿಗಳನ್ನು ನೋಡಿ ನಗರದ ಆರೋಗ್ಯ ಇಲಾಖೆಗೆ ಫೋನ್ ಮಾಡಿದರು. ಅದೇ ಹೊತ್ತಿಗೆ ಬ್ರಾಂಕ್ಸ್ ಮೃಗಾಲಯದಲ್ಲಿ ಕಾಗೆ, ರಾಜಹಂಸಗಳು ಸಾಯುತ್ತಿದ್ದವು. ಅಲ್ಲಿನ ಪಶುವೈದ್ಯೆ ಟ್ರೇಸಿ ಮ್ಯಾಕ್‌ನಮಾರಾ ಎರಡೂ ಒಂದೇ ರೋಗ ಇರಬಹುದು ಅಂತ ಹೇಳಿದರೂ ಮೊದಲು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಅದು ವೆಸ್ಟ್ ನೈಲ್ ವೈರಸ್ ಅಂತಾಯಿತು. ಪ್ರಾಣಿಗಳ ಸಾವಿನ ಸುದ್ದಿ ಬೇರೆ ಫೈಲ್, ಮನುಷ್ಯರ ಸಾವಿನ ಸುದ್ದಿ ಬೇರೆ ಫೈಲ್ ಅಂತ ಇಟ್ಟರೆ ಹೀಗಾಗುತ್ತದೆ.

ಖಾಸಗಿಯವರು ಯಾಕೆ ಫೋನ್ ಮಾಡುವುದಿಲ್ಲ?

ಸುಮ್ನೆ ಬೈದರೆ ಉಪಯೋಗವಿಲ್ಲ. ಅವರ ಜಾಗದಲ್ಲಿ ನಿಂತು ನೋಡಬೇಕು. ಒಂದು ನರ್ಸಿಂಗ್ ಹೋಮ್‌ಗೆ ಅನುಮಾನದ ರೋಗಿ ಬಂದ ಅಂತಿಟ್ಟುಕೊಳ್ಳಿ. ತಿಳಿಸಿದರೆ ನಾಳೆ ಟಿವಿಯವರು ಬಾಗಿಲಿಗೆ ಬರುತ್ತಾರೆ. ಬೇರೆ ರೋಗಿಗಳು ಬರುವುದು ನಿಲ್ಲಿಸುತ್ತಾರೆ. ವಾರ್ಡ್ ಮುಚ್ಚಿಸಬಹುದು, ಸಿಬ್ಬಂದಿಯನ್ನು ಕ್ವಾರಂಟೈನ್ ಮಾಡಬಹುದು. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಅನುಮಾನ ಸುಳ್ಳಾದರೆ ಅವಮಾನ, ನಿಜವಾದರೆ ನಷ್ಟ. ಇಷ್ಟೆಲ್ಲ ಇರುವಾಗ ಆ ರೋಗಿಯನ್ನು ದೊಡ್ಡಾಸ್ಪತ್ರೆಗೆ ಸಾಗಿಸಿ ಕೈತೊಳೆದುಕೊಳ್ಳುವುದೇ ಸುಲಭ.

ಅಮೆರಿಕದಲ್ಲೂ ಇದೇ ಆಯಿತು. ಸಿಡುಬಿನ ವೈರಸ್ ಯಾರಾದರೂ ಬಳಸಬಹುದು ಅಂತ ಹೆದರಿ 2003ರಲ್ಲಿ ಸುಮಾರು 5 ಲಕ್ಷ ಆರೋಗ್ಯ ಸಿಬ್ಬಂದಿಗೆ ಲಸಿಕೆ ಹಾಕುವ ಯೋಜನೆ ಶುರುವಾಯಿತು. ಹಾಕಿಸಿಕೊಂಡವರು 40 ಸಾವಿರಕ್ಕೂ ಕಡಿಮೆ. ಲಸಿಕೆಯಿಂದ ಸಿಬ್ಬಂದಿಗೆ ತೊಂದರೆಯಾದರೆ ಪರಿಹಾರ ಯಾರು ಕೊಡಬೇಕು ಅನ್ನುವುದಕ್ಕೆ ಮೊದಲು ಸರಿಯಾದ ಉತ್ತರ ಇರಲಿಲ್ಲ. ಎಷ್ಟೋ ಆಸ್ಪತ್ರೆಗಳು ನಾವು ಬರುವುದಿಲ್ಲ ಅಂದವು. ಪರಿಹಾರದ ಕಾನೂನು ಬರುವ ಹೊತ್ತಿಗೆ ಜನರ ಉತ್ಸಾಹ ಇಳಿದಿತ್ತು.

ನಮ್ಮಲ್ಲಿ 1994ರಲ್ಲಿ ಸೂರತ್‌ಗೆ ಪ್ಲೇಗ್ ಬಂದಾಗ ಲಕ್ಷಾಂತರ ಜನ ಊರು ಬಿಟ್ಟರು. ಅವರ ಜೊತೆ ಅನೇಕ ಖಾಸಗಿ ವೈದ್ಯರೂ ಬಾಗಿಲು ಹಾಕಿಕೊಂಡು ಹೋದರು. ಕರ್ನಾಟಕದಲ್ಲಿ 2017ರ ನವೆಂಬರ್‌ನಲ್ಲಿ ಖಾಸಗಿ ಆಸ್ಪತ್ರೆಗಳ ಕಾಯ್ದೆಯ ತಿದ್ದುಪಡಿ ವಿರೋಧಿಸಿ ವೈದ್ಯರು ಮುಷ್ಕರ ಹೂಡಿದ್ದು ನೆನಪಿರಬಹುದು. ಯಾರದು ಸರಿ ಅನ್ನುವುದು ಬೇರೆ ಚರ್ಚೆ. ಆದರೆ ಆ ದಿನಗಳ ಕಹಿ ಮನಸ್ಸಿನಲ್ಲಿ ಇನ್ನೂ ಇರುವಾಗಲೇ ಕೊರೊನಾ ಬಂತು. 2020ರಲ್ಲಿ ರಾಜ್ಯ ಸರ್ಕಾರ ಖಾಸಗಿ ಆಸ್ಪತ್ರೆಗಳ ಅರ್ಧ ಹಾಸಿಗೆಗಳನ್ನು ತಾನು ಕಳಿಸುವ ರೋಗಿಗಳಿಗೆ ಮೀಸಲಿಡಿ ಅಂತ ಆದೇಶಿಸಿತು. ಜನರಲ್ ವಾರ್ಡ್‌ಗೆ ದಿನಕ್ಕೆ 5,200 ರೂಪಾಯಿ, ವೆಂಟಿಲೇಟರ್ ಇರುವ ಐಸಿಯುಗೆ 10,000 ಅಂತ ದರ ನಿಗದಿಯಾಯಿತು. ಇದೆಲ್ಲ ಹೊಡೆತ ಬಿದ್ದ ಮೇಲೆ, ತರಾತುರಿಯಲ್ಲಿ. ಹಾಸಿಗೆ ಹುಡುಕಿಕೊಂಡು ಬೆಂಗಳೂರಿನಲ್ಲಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದ ಕುಟುಂಬಗಳಿಗೆ ಆ ತರಾತುರಿಯ ಬೆಲೆ ಗೊತ್ತು. ದರದ ಪಟ್ಟಿ, ಬಿಲ್ ಎಷ್ಟು ದಿನದಲ್ಲಿ ಪಾವತಿ, ಯಾವ ಆಸ್ಪತ್ರೆ ಯಾವ ಕೆಲಸಕ್ಕೆ ಅನ್ನುವುದನ್ನು ಶಾಂತವಾಗಿರುವ ದಿನಗಳಲ್ಲಿ ಕೂತು ಮಾತಾಡಬಹುದು. ಜೈವಿಕ ದಾಳಿ ಆದಾಗ ಮಾತಾಡಲು ಸಮಯ ಇರುವುದಿಲ್ಲ.

ಕಾನೂನೂ ಹಳೆಯದು. ಸಾಂಕ್ರಾಮಿಕ ರೋಗಗಳ ಕಾಯ್ದೆ 1897ರದ್ದು, ಮುಂಬೈ ಪ್ಲೇಗ್ ಕಾಲದ್ದು, ಮೂಲದಲ್ಲಿ ನಾಲ್ಕೇ ಕಲಂ. ಅದರ ಬದಲಿಗೆ 2017ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಒಂದು ಕರಡು ಮಸೂದೆ ತಂದಿತ್ತು. ಅದರ ಹೆಸರಿನಲ್ಲೇ ಜೈವಿಕ ಭಯೋತ್ಪಾದನೆ ಅನ್ನುವ ಪದ ಇತ್ತು. ಅದು ಕಾಯ್ದೆ ಆಗಲಿಲ್ಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2008ರಲ್ಲೇ ಜೈವಿಕ ವಿಪತ್ತುಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಕಾಗದದ ಮೇಲೆ ನಮ್ಮಲ್ಲಿ ಕೊರತೆ ಇಲ್ಲ.

ಹಾಗಾದರೆ ಖಾಸಗಿಯವರನ್ನು ಒಳಗೆ ತರಲು ಆಗುವುದೇ ಇಲ್ಲವಾ? ಆಗುತ್ತದೆ, ಕ್ಷಯರೋಗದಲ್ಲಿ ಆಗಿದೆ. ಟಿಬಿ ರೋಗಿಗಳ ವಿವರ ತಿಳಿಸುವುದು ಖಾಸಗಿ ವೈದ್ಯರಿಗೂ ಕಡ್ಡಾಯ ಅಂತ 2012ರಲ್ಲಿ ಆದೇಶ ಬಂತು. ಬರೀ ಆದೇಶದಿಂದ ಹೆಚ್ಚೇನೂ ಬದಲಾಗಲಿಲ್ಲ. ಆಮೇಲೆ ನಿಕ್ಷಯ್ ಅನ್ನುವ ಆನ್‌ಲೈನ್ ವ್ಯವಸ್ಥೆ ಸುಲಭವಾಯಿತು. ತಿಳಿಸಿದ ವೈದ್ಯರಿಗೆ 500 ರೂಪಾಯಿ, ಚಿಕಿತ್ಸೆ ಹೇಗೆ ಮುಗಿಯಿತು ಅಂತ ತಿಳಿಸಿದರೆ ಇನ್ನೂ 500 ಅಂತಾಯಿತು. ಅವರ ರೋಗಿಗೆ ಸರ್ಕಾರದ ಔಷಧಿ, ಪೌಷ್ಟಿಕ ಆಹಾರಕ್ಕೆ ಹಣ ಸಿಗತೊಡಗಿತು. ವೈದ್ಯರಿಗೆ ತಮ್ಮ ರೋಗಿ ಕೈತಪ್ಪಿ ಹೋಗುವುದಿಲ್ಲ ಅನ್ನುವ ಧೈರ್ಯ ಬಂತು. 2023ರಲ್ಲಿ ದಾಖಲಾದ ಸುಮಾರು 25 ಲಕ್ಷ ಟಿಬಿ ಪ್ರಕರಣಗಳಲ್ಲಿ 8.4 ಲಕ್ಷ ಖಾಸಗಿಯವರು ತಿಳಿಸಿದ್ದು, ಅಂದರೆ ಮೂರರಲ್ಲಿ ಒಂದು. ಈ ದಾರಿಯನ್ನೇ ಇತರ ಸೋಂಕು ರೋಗಗಳಿಗೂ ಹಾಕಬಹುದು.

ಮಾತ್ರೆ, ಲಸಿಕೆಯ ವಿಷಯದಲ್ಲಿ ಖಾಸಗಿ ಕಂಪನಿಗಳನ್ನು ಬಿಟ್ಟು ಏನೂ ನಡೆಯದು. ಆದರೆ ಅಲ್ಲಿ ಕಣ್ಣುಮುಚ್ಚಿ ನಂಬುವುದು ತಪ್ಪು. 2001ರಲ್ಲಿ ಅಮೆರಿಕ ಸರ್ಕಾರ ಚೌಕಾಶಿ ಮಾಡಿದ ಮೇಲೆ ಬೇಯರ್ ಕಂಪನಿ ಆಂಥ್ರಾಕ್ಸ್‌ಗೆ ಕೊಡುವ ಸಿಪ್ರೋ ಮಾತ್ರೆಯ ಬೆಲೆಯನ್ನು 1.77 ಡಾಲರ್‌ನಿಂದ 95 ಸೆಂಟ್‌ಗೆ ಇಳಿಸಿತು. 2004ರಲ್ಲಿ ವ್ಯಾಕ್ಸ್‌ಜೆನ್ ಎಂಬ ಸಣ್ಣ ಕಂಪನಿಗೆ ಹೊಸ ಆಂಥ್ರಾಕ್ಸ್ ಲಸಿಕೆ ಮಾಡಲು 87 ಕೋಟಿ ಡಾಲರ್‌ಗೂ ಹೆಚ್ಚಿನ ಗುತ್ತಿಗೆ ಕೊಟ್ಟರು. ಅದು ಗಡುವಿಗೆ ಮಾಡಲಾಗದೆ 2006ರಲ್ಲಿ ಗುತ್ತಿಗೆ ರದ್ದಾಯಿತು. ಆಂಥ್ರಾಕ್ಸ್ ಲಸಿಕೆಯನ್ನು ವರ್ಷಗಟ್ಟಲೆ ಸರ್ಕಾರಕ್ಕೆ ಮಾರಿಕೊಂಡು ಬಂದ ಎಮರ್ಜೆಂಟ್ ಕಂಪನಿಯ ಬಾಲ್ಟಿಮೋರ್ ಕಾರ್ಖಾನೆಯಲ್ಲಿ 2021ರಲ್ಲಿ ಕೊರೊನಾ ಲಸಿಕೆಯ 1.5 ಕೋಟಿ ಡೋಸ್‌ಗೆ ಸಾಕಾಗುವಷ್ಟು ಸರಕು ಹಾಳಾಯಿತು. ಒಬ್ಬನೇ ಮಾರುವವನ ಮೇಲೆ ಇಡೀ ದೇಶ ನಿಂತರೆ ಹೀಗೆ.

ಇವತ್ತೇ ಮಾಡಬಹುದಾದ್ದು

ನಮ್ಮಲ್ಲಿ ವ್ಯವಸ್ಥೆಯ ಎಲುಬು ಇದೆ. 2004ರಲ್ಲಿ ಶುರುವಾದ ಸಮಗ್ರ ರೋಗ ಸರ್ವೇಕ್ಷಣಾ ಕಾರ್ಯಕ್ರಮದಲ್ಲಿ ಪ್ರತಿ ಜಿಲ್ಲೆಗೂ ಒಬ್ಬ ಸರ್ವೇಕ್ಷಣಾಧಿಕಾರಿ ಇದ್ದಾರೆ. ಆರೋಗ್ಯ ಕಾರ್ಯಕರ್ತೆಯರು ಎಸ್ ಫಾರಂ, ವೈದ್ಯರು ಪಿ ಫಾರಂ, ಲ್ಯಾಬ್‌ನವರು ಎಲ್ ಫಾರಂ ತುಂಬುವುದು ಕ್ರಮ. ಈಗ ಅದು ಐಎಚ್‌ಐಪಿ ಎಂಬ ಆನ್‌ಲೈನ್ ವೇದಿಕೆಗೆ ಬಂದಿದೆ. 2018ರಲ್ಲಿ ಅದನ್ನು ಮೊದಲು ಶುರುಮಾಡಿದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಪಿ ಫಾರಂ ಖಾಸಗಿ ವೈದ್ಯರದ್ದೂ ಹೌದು. ಆದರೆ ತುಂಬಿ ಕಳಿಸಿದ್ದಕ್ಕೆ ತಿರುಗಿ ಏನೂ ಬರದಿದ್ದರೆ ಮುಂದಿನ ವಾರ ಯಾರು ತುಂಬುತ್ತಾರೆ? ವಾರಕ್ಕೊಮ್ಮೆ ಜಿಲ್ಲೆಯ ಎಲ್ಲ ಕ್ಲಿನಿಕ್‌ಗಳಿಗೆ ವಾಟ್ಸಾಪ್‌ನಲ್ಲಿ ಕನ್ನಡದಲ್ಲೇ ನಾಲ್ಕು ಸಾಲು ಹೋಗಲಿ: ಈ ವಾರ ಈ ಹೋಬಳಿಯಲ್ಲಿ ಇಂಥ ಜ್ವರ ಜಾಸ್ತಿ ಇದೆ, ಇಂಥ ಲಕ್ಷಣ ಕಂಡರೆ ನಮಗೆ ಹೇಳಿ. ವೈದ್ಯರಿಗೆ ಅದು ದಿನನಿತ್ಯದ ಕೆಲಸಕ್ಕೇ ಉಪಯೋಗ. ಕೊಟ್ಟು ತೆಗೆದುಕೊಳ್ಳುವುದು ಆಗ ಶುರುವಾಗುತ್ತದೆ.

ಮೆಡಿಕಲ್ ಶಾಪ್‌ಗಳನ್ನೂ ಬಿಡಬಾರದು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಸಂಶೋಧಕರು ಔಷಧಿ ಅಂಗಡಿಗಳ ಮಾರಾಟದ ಲೆಕ್ಕ ಇಟ್ಟು, ಯಾವ ಊರಿನಲ್ಲಿ ಭೇದಿ ಮಾತ್ರೆ, ಕೆಮ್ಮಿನ ಔಷಧಿ ದಿಢೀರ್ ಹೆಚ್ಚು ಹೋಗುತ್ತಿದೆ ಅಂತ ನೋಡುವ ವ್ಯವಸ್ಥೆ ಮಾಡಿದ್ದರು. ನಮ್ಮಲ್ಲಿ ಜನ ಡಾಕ್ಟರ್‌ಗಿಂತ ಮೊದಲು ಹೋಗುವುದೇ ಮೆಡಿಕಲ್ ಶಾಪ್‌ಗೆ. ಒಂದೇ ವಾರದಲ್ಲಿ ಓಆರ್‌ಎಸ್ ಪೊಟ್ಟಣ ಮೂರು ಪಟ್ಟು ಹೋಯಿತು ಅಂತ ಅಂಗಡಿಯವರಿಗೆ ಮೊದಲು ಗೊತ್ತಾಗುತ್ತದೆ. ಅವರನ್ನು ಕೇಳುವವರಿಲ್ಲ.

ಅಣಕು ಕಾರ್ಯಾಚರಣೆಯೂ ಬೇಕು. ಭೂಕಂಪಕ್ಕೆ, ಬೆಂಕಿಗೆ ಮಾಡುವ ಹಾಗೆ. 2000ರ ಮೇ ತಿಂಗಳಲ್ಲಿ ಅಮೆರಿಕ ಡೆನ್ವರ್ ನಗರದಲ್ಲಿ ಪ್ಲೇಗ್ ದಾಳಿ ಆಗಿದೆ ಅಂತ ನಟಿಸಿ ನೋಡಿತು. ಫೋನ್‌ನಲ್ಲಿ ಹತ್ತಾರು ಜನ ಒಟ್ಟಿಗೆ ಕೂತು ಚರ್ಚಿಸುತ್ತಲೇ ಹೊತ್ತು ಹೋಯಿತು, ತೀರ್ಮಾನ ಯಾರು ತೆಗೆದುಕೊಳ್ಳಬೇಕು ಅಂತಲೇ ಸ್ಪಷ್ಟವಿರಲಿಲ್ಲ. ನಿಜವಾದ ದಿನ ಅಲ್ಲ, ನಟನೆಯ ದಿನ ಅದು ಗೊತ್ತಾಗಿದ್ದು ಒಳ್ಳೆಯದೇ ಆಯಿತು. ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಇದಕ್ಕೆ ದೊಡ್ಡ ಖರ್ಚು ಬೇಕಿಲ್ಲ. ಒಂದು ಭಾನುವಾರ ರಾತ್ರಿ ಒಂದು ನರ್ಸಿಂಗ್ ಹೋಮ್‌ನ ಡ್ಯೂಟಿ ಡಾಕ್ಟರ್ ಕೈಯಲ್ಲಿ ಸರ್ವೇಕ್ಷಣಾ ಘಟಕಕ್ಕೆ ಒಂದು ಫೋನ್ ಮಾಡಿಸಿ. ಎಷ್ಟು ಸಲ ರಿಂಗ್ ಆಯಿತು, ಎತ್ತಿದವರು ಏನು ಕೇಳಿದರು, ಮಾದರಿ ಒಯ್ಯಲು ಐಸ್ ಪೆಟ್ಟಿಗೆ ಹಿಡಿದು ಯಾರು ಬಂದರು, ಎಷ್ಟು ಗಂಟೆಗೆ ಬಂದರು ಅಂತ ಬರೆದಿಟ್ಟುಕೊಳ್ಳಿ. ಮುಂದಿನ ತಿಂಗಳು ಬೇರೆ ತಾಲ್ಲೂಕಿನಿಂದ, ಬೇರೆ ಹೊತ್ತಿನಲ್ಲಿ ಮತ್ತೆ ಮಾಡಿಸಿ. ಅಧಿಕಾರಿ ವರ್ಗವಾಗಿ ಹೋಗಿದ್ದರೂ ಅದೇ ನಂಬರ್‌ಗೆ ಫೋನ್ ಹೋಗುತ್ತಾ ಅಂತಲೂ ನೋಡಿ.